ಪುಟಕ್ಕಿಟ್ಟ ಚಿನ್ನ: ಕ್ರಿ. ಶ. ೨೫೦ರ ಪರೀಕ್ಷೆಯೂ ಧರ್ಮಸಭೆಯ ತೀರ್ಪೂ

ಅಕ್ಕಸಾಲಿಗನು ಚಿನ್ನವನ್ನು ಬೆಂಕಿಗೊಡ್ಡುವುದು ಅದನ್ನು ಹಾಳುಗೆಡವಲೆಂದಲ್ಲ. ಅದರೊಳಗಿನ ಕಲ್ಮಷವನ್ನು ಕಳೆದು ಅದರ ನಿಜವಾದ ಬೆಲೆಯನ್ನು ಹೊರತರಲೆಂದು. ದೇವರು ಮಾನವನ ಅಂತರಂಗವನ್ನು ಪರೀಕ್ಷಿಸುವ ಬಗೆಯನ್ನು ವರ್ಣಿಸುವಾಗ ಪವಿತ್ರ ಗ್ರಂಥದ ಲೇಖಕರು ಮತ್ತೆ ಮತ್ತೆ ಈ ಹೋಲಿಕೆಯನ್ನೇ ಆಶ್ರಯಿಸಿದ್ದಾರೆ. ಪ್ರವಾದಿ ಮಲಾಕಿಯು ದೇವರನ್ನು ಮೂಸೆಯ ಮುಂದೆ ಕುಳಿತ ಬೆಳ್ಳಿಗಾರನಾಗಿ ಕಂಡನು. ಯೋಬನು ತನ್ನ ಸಂಕಟದ ನಡುವೆಯೂ, ತಾನು ಈ ಬೆಂಕಿಯಿಂದ ಚಿನ್ನವಾಗಿ ಹೊರಬರುವೆನೆಂಬ ನಂಬಿಕೆಯನ್ನು ಕೈಬಿಡಲಿಲ್ಲ. ಸಂತ ಪೇತ್ರರು ತಮ್ಮ ಮೊದಲನೆಯ ಪತ್ರದಲ್ಲಿ ವಿಶ್ವಾಸವನ್ನು ಪುಟಕ್ಕಿಟ್ಟ ಚಿನ್ನಕ್ಕಿಂತ ಬೆಲೆಯುಳ್ಳದ್ದೆಂದು ಬಣ್ಣಿಸಿದರು.

ಆದರೆ ಪುಟಕ್ಕಿಟ್ಟ ಲೋಹವು ಚಿನ್ನವಾಗಿ ಹೊರಬರದಿದ್ದರೆ? ಪರೀಕ್ಷೆಯ ದಿನ ಮನುಷ್ಯನು ಸೋತು ಬಿದ್ದರೆ ಅವನ ಮೇಲೆ ತೀರ್ಪು ಹೇಳುವವರು ಯಾರು? ಆ ತೀರ್ಪು ಯಾವಾಗ ಕೊನೆಯದಾಗುತ್ತದೆ? ಈ ಪ್ರಶ್ನೆಗಳು ಕೇವಲ ಪಂಡಿತರ ಚರ್ಚೆಗೆ ಮೀಸಲಾದವುಗಳಲ್ಲ. ಮೂರನೆಯ ಶತಮಾನದ ನಡುವೆ ಧರ್ಮಸಭೆಯು ಇವುಗಳಿಗೆ ಉತ್ತರ ಕೊಡಲೇಬೇಕಾಯಿತು. ಆ ಉತ್ತರದ ಫಲವನ್ನು ನಾವು ಇಂದಿಗೂ ಪಾಪನಿವೇದನೆಯ ಪೀಠದ ಬಳಿ ಅನುಭವಿಸುತ್ತಿದ್ದೇವೆ. ಆ ಇತಿಹಾಸವನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಪವಿತ್ರ ಗ್ರಂಥದಲ್ಲಿ ಪರೀಕ್ಷೆ

ದೇವರು ಅಬ್ರಹಾಮನನ್ನು ಪರೀಕ್ಷಿಸಿದರೆಂದು ಆದಿಕಾಂಡವು ಸ್ಪಷ್ಟವಾಗಿ ಹೇಳುತ್ತದೆ. ಇಸ್ರಯೇಲ್ ಜನರನ್ನು ನಲವತ್ತು ವರ್ಷಗಳ ಕಾಲ ಮರುಭೂಮಿಯಲ್ಲಿ ನಡೆಸಿದ್ದು ಅವರ ಹೃದಯದಲ್ಲಿರುವುದನ್ನು ಹೊರಗೆಡಹಲಿಕ್ಕೆ ಎಂದು ಧರ್ಮೋಪದೇಶಕಾಂಡವು ತಿಳಿಸುತ್ತದೆ. ಇತ್ತ ಸಂತ ಯಾಕೋಬರ ಪತ್ರವಾದರೋ ದೇವರು ಯಾರನ್ನೂ ಪಾಪಕ್ಕೆ ಪ್ರೇರೇಪಿಸುವುದಿಲ್ಲವೆಂದು ಖಂಡಿತವಾಗಿ ಸಾರುತ್ತದೆ. ಇವೆರಡಕ್ಕೂ ವಿರೋಧವಿಲ್ಲ. ಗ್ರೀಕ್ ಭಾಷೆಯಲ್ಲಿ ಪರೀಕ್ಷೆಗೂ ಶೋಧನೆಗೂ ಒಂದೇ ಪದವು ಬಳಕೆಯಲ್ಲಿದೆ, ಭೇದವಿರುವುದು ಉದ್ದೇಶದಲ್ಲಿ. ಸೈತಾನನು ಬೀಳಿಸಲೆಂದು ಶೋಧಿಸುತ್ತಾನೆ; ದೇವರು ಎತ್ತಿ ನಿಲ್ಲಿಸಲೆಂದು ಪರೀಕ್ಷಿಸುತ್ತಾರೆ. ಸರ್ವಜ್ಞರಾದ ದೇವರಿಗೆ ನಮ್ಮನ್ನು ಅರಿಯಲು ಪರೀಕ್ಷೆಯ ಅಗತ್ಯವಿಲ್ಲ. ನಮ್ಮನ್ನು ನಾವು ಅರಿಯಬೇಕಾದರೆ ಅದು ಬೇಕು.

ಪರೀಕ್ಷೆಯ ಜೊತೆಗೆ ತೀರ್ಪೂ ಇದೆ. ಬಾಬಿಲೋನಿನ ಅರಮನೆಯ ಔತಣದಲ್ಲಿ ಗೋಡೆಯ ಮೇಲೆ ಮೂಡಿದ ಬರಹವು, ತಕ್ಕಡಿಯಲ್ಲಿ ತೂಗಿದಾಗ ಬೇಲ್ಶಚ್ಚರನು ತೂಕಕ್ಕೆ ಕಡಿಮೆಯಾದನೆಂದು ತಿಳಿಸಿತು. ಆ ರಾತ್ರಿಯೇ ಅವನು ಹತನಾದನು. ಆದರೆ ತಕ್ಕಡಿಯನ್ನು ಹಿಡಿಯುವ ಹಕ್ಕು ಮನುಷ್ಯರಿಗಿದೆಯೇ? ಯೋಬನ ಗ್ರಂಥವು ಇದಕ್ಕೆ ಉತ್ತರ ಕೊಡುತ್ತದೆ. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಅವನ ದುಃಖವನ್ನು ಕಂಡು, ಅವನು ಪಾಪಿಯೇ ಇರಬೇಕೆಂದು ತೀರ್ಮಾನಿಸಿದರು. ಕಡೆಯಲ್ಲಿ ದೇವರ ಕೋಪಕ್ಕೆ ಗುರಿಯಾದವರು ಆ ಗೆಳೆಯರೇ. ಅವರಿಗಾಗಿ ಯೋಬನು ಪ್ರಾರ್ಥಿಸಬೇಕಾಯಿತು. ಹೀಗೆ ಪರೀಕ್ಷೆಗೊಳಗಾದವನು ಒಬ್ಬನೆಂದು ತೋರಿದರೂ ವಾಸ್ತವವಾಗಿ ನಾಲ್ವರೂ ಪರೀಕ್ಷೆಗೊಳಗಾಗಿದ್ದರು.

ಎರಡು ಕೆಂಡದ ಬೆಂಕಿಗಳು

ಹೊಸ ಒಡಂಬಡಿಕೆಯಲ್ಲಿ ಈ ವಿಷಯವು ಸಂತ ಪೇತ್ರರ ಜೀವನದಲ್ಲಿ ಮೂರ್ತಿವೆತ್ತಂತಿದೆ. ಕಡೆಯ ಭೋಜನದ ರಾತ್ರಿ ಯೇಸುಸ್ವಾಮಿ, ಗೋದಿಯನ್ನು ಜರಡಿ ಹಿಡಿಯುವಂತೆ ಸೈತಾನನು ಶಿಷ್ಯರನ್ನು ಜರಡಿ ಹಿಡಿಯಲು ಕೇಳಿಕೊಂಡಿದ್ದಾನೆಂದು ಎಚ್ಚರಿಸಿದರು. ಪೇತ್ರರ ವಿಶ್ವಾಸವು ಕುಂದದಂತೆ ತಾವು ಪ್ರಾರ್ಥಿಸಿರುವುದಾಗಿಯೂ, ತಿರುಗಿಕೊಂಡ ಮೇಲೆ ಪೇತ್ರರು ತಮ್ಮ ಸೋದರರನ್ನು ದೃಢಪಡಿಸಬೇಕೆಂದೂ ಹೇಳಿದರು. ಬೀಳುವುದಕ್ಕೆ ಮುಂಚೆಯೇ ತಿರುಗಿ ಬರುವ ದಾರಿಯನ್ನು ಪ್ರಭು ಸಿದ್ಧಪಡಿಸಿದ್ದರು ಎಂಬುದನ್ನು ವಾಚಕರು ಗಮನಿಸಬೇಕು.

ಪೇತ್ರರು ಬಿದ್ದರು. ಪ್ರಧಾನಯಾಜಕನ ಅಂಗಳದಲ್ಲಿ ಕೆಂಡದ ಬೆಂಕಿ ಕಾಯಿಸಿಕೊಳ್ಳುತ್ತಾ, ದಾಸಿಯೊಬ್ಬಳ ಮಾತಿಗೆ ಹೆದರಿ, ತಮ್ಮ ಒಡೆಯನನ್ನು ಮೂರು ಸಾರಿ ಅಲ್ಲಗಳೆದರು. ಪ್ರಭು ತಿರುಗಿ ಅವರನ್ನು ನೋಡಿದರೆಂದು ಸಂತ ಲೂಕರು ಬರೆದಿದ್ದಾರೆ. ಆ ನೋಟವೇ ತೀರ್ಪಾಯಿತು. ಆ ನೋಟವೇ ಕ್ಷಮೆಯೂ ಆಯಿತು. ಪೇತ್ರರು ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತರು. ಪುನರುತ್ಥಾನದ ಬಳಿಕ ತಿಬೇರಿಯ ಸರೋವರದ ದಡದಲ್ಲಿ ಮತ್ತೊಂದು ಕೆಂಡದ ಬೆಂಕಿಯನ್ನು ಸಂತ ಯೊವಾನ್ನರು ನಮಗೆ ತೋರಿಸುತ್ತಾರೆ. ಅಲ್ಲಿ ಮೂರು ಸಾರಿ ಪ್ರೀತಿಯ ಪ್ರಶ್ನೆ; ಮೂರು ಸಾರಿ ಕುರಿಗಳನ್ನು ಮೇಯಿಸುವ ಆಜ್ಞೆ. ಯೂದ ಇಸ್ಕರಿಯೋತನೂ ಅದೇ ರಾತ್ರಿ ಬಿದ್ದವನೇ, ಅವನೂ ಪರಿತಪಿಸಿದನು. ಆದರೆ ತನ್ನ ಮೇಲಿನ ತೀರ್ಪನ್ನು ತಾನೇ ಹೇಳಿಕೊಂಡು, ತಾನೇ ಅದನ್ನು ಜಾರಿಗೆ ತಂದುಕೊಂಡನು.

ಪೇತ್ರರ ಕಥೆಯ ಜೊತೆಯಲ್ಲಿಯೇ ಇನ್ನೊಂದು ಕಠಿಣ ವಚನವೂ ಧರ್ಮಸಭೆಯ ಕಿವಿಯಲ್ಲಿ ಮೊಳಗುತ್ತಿತ್ತು. ಜನರ ಮುಂದೆ ತಮ್ಮನ್ನು ಅಲ್ಲಗಳೆಯುವವನನ್ನು ತಾವು ಸ್ವರ್ಗದಲ್ಲಿರುವ ಪಿತನ ಮುಂದೆ ಅಲ್ಲಗಳೆಯುವುದಾಗಿ ಯೇಸುಸ್ವಾಮಿ ಹೇಳಿದ್ದ ಮಾತದು. ಈ ಎರಡನ್ನೂ ಒಟ್ಟಿಗೆ ಹಿಡಿಯುವುದು ಹೇಗೆ?

ಚಕ್ರವರ್ತಿಯ ಆಜ್ಞೆ

ಕ್ರಿ. ಶ. ೨೪೮ರಲ್ಲಿ ರೋಮ್ ನಗರವು ತನ್ನ ಸಾವಿರದ ವರ್ಷೋತ್ಸವವನ್ನು ವೈಭವದಿಂದ ಆಚರಿಸಿತು. ಮರುವರ್ಷ ಡೀಸಿಯಸ್ ಎಂಬ ಸೇನಾನಿಯು ಚಕ್ರವರ್ತಿಯಾದನು. ಗಡಿಗಳಲ್ಲಿ ಯುದ್ಧ, ಒಳಗೆ ಕಲಹಗಳಿಂದ ತತ್ತರಿಸುತ್ತಿದ್ದ ಸಾಮ್ರಾಜ್ಯಕ್ಕೆ ಪುರಾತನ ದೇವತೆಗಳ ಕೃಪೆಯನ್ನು ಮರಳಿ ದೊರಕಿಸಬೇಕೆಂಬ ಉದ್ದೇಶದಿಂದ ಅವನು, ಪ್ರಜೆಗಳೆಲ್ಲರೂ ಬಲಿಯರ್ಪಿಸಿ, ಪಾನನೈವೇದ್ಯ ಮಾಡಿ, ಬಲಿಯ ಮಾಂಸವನ್ನು ರುಚಿ ನೋಡಬೇಕೆಂದು ವಿಧಿಸಿದನು. ಊರೂರಿನಲ್ಲಿ ಇದಕ್ಕಾಗಿ ಅಧಿಕಾರಿಗಳ ಮಂಡಲಿಗಳು ಏರ್ಪಟ್ಟವು. ಬಲಿಯರ್ಪಿಸಿದವರಿಗೆ ಒಂದು ಪ್ರಮಾಣಪತ್ರ ದೊರೆಯುತ್ತಿತ್ತು.

ಅಂತಹ ಪತ್ರಗಳು ಈಜಿಪ್ಟಿನ ಒಣ ಮರಳಿನಲ್ಲಿ ಪಪೈರಸ್ ಹಾಳೆಗಳಾಗಿ ಉಳಿದುಕೊಂಡಿವೆ. ಮೊದಲನೆಯದು ೧೮೯೩ರಲ್ಲಿ ಪ್ರಕಟವಾಯಿತು. ಈಗ ನಲವತ್ತಕ್ಕೂ ಹೆಚ್ಚು ಪತ್ರಗಳು ತಿಳಿದುಬಂದಿವೆ. ಮೊದಲು ಪ್ರಕಟವಾದ ಪತ್ರವು ಔರೇಲಿಯುಸ್ ದಿಯೋಗೆನೆಸ್ ಎಂಬ ೭೨ ವರ್ಷದ ವೃದ್ಧನದು. ಬಲ ಹುಬ್ಬಿನ ಮೇಲಿದ್ದ ಗಾಯದ ಕಲೆಯನ್ನು ಅವನ ಗುರುತಾಗಿ ನಮೂದಿಸಲಾಗಿದೆ. ಮೊಸಳೆ ದೇವತೆಯ ಪೂಜಾರಿಣಿಯೊಬ್ಬಳೂ ಇಂತಹ ಪತ್ರವನ್ನು ಪಡೆಯಬೇಕಾಯಿತೆಂದರೆ ಆಜ್ಞೆಯು ಎಷ್ಟು ವ್ಯಾಪಕವಾಗಿತ್ತೆಂಬುದು ವಿದಿತವಾಗುತ್ತದೆ. ಅನ್ಯರಿಗೆ ಇದು ಒಂದು ಗಳಿಗೆಯ ಕೆಲಸ. ಒಬ್ಬನೇ ದೇವರನ್ನು ಆರಾಧಿಸುವ ಕ್ರೈಸ್ತರಿಗಾದರೋ ಇದು ಪುಟದ ಬೆಂಕಿಯೇ ಆಯಿತು.

೨೫೦ರ ಜನವರಿ ೨೦ರಂದು ಪೋಪ್ ಸಂತ ಫಾಬಿಯಾನರು ರೋಮಿನಲ್ಲಿ ರಕ್ತಸಾಕ್ಷಿಗಳಾದರು. ಅನೇಕರು ಸೆರೆಮನೆಗಳಲ್ಲಿ ಹಿಂಸೆಯನ್ನು ಸಹಿಸಿ ವಿಶ್ವಾಸವನ್ನು ಕಾಪಾಡಿಕೊಂಡರು. ಆದರೆ ಬಿದ್ದವರ ಸಂಖ್ಯೆಯೂ ಬಹಳ ದೊಡ್ಡದಾಗಿತ್ತು. ಉತ್ತರ ಆಫ್ರಿಕದ ಕಾರ್ಥೇಜಿನ ಧರ್ಮಾಧ್ಯಕ್ಷರಾಗಿದ್ದ ಸಂತ ಸಿಪ್ರಿಯಾನರು ಆ ದೃಶ್ಯವನ್ನು ದುಃಖದಿಂದ ವರ್ಣಿಸಿದ್ದಾರೆ. ಯಾರೂ ಹಿಡಿದು ಎಳೆಯುವ ಮುನ್ನವೇ ಜನರು ಚೌಕಕ್ಕೆ ಧಾವಿಸಿದರು. ಸಂಜೆಯಾಯಿತು, ನಾಳೆ ಬನ್ನಿರೆಂದು ಅಧಿಕಾರಿಗಳು ಹೇಳಿದರೆ ಇಂದೇ ಮುಗಿಸಬೇಕೆಂದು ಬೇಡಿಕೊಂಡರು. ಕೆಲವರು ಎಳೆಯ ಮಕ್ಕಳನ್ನೂ ಎತ್ತಿಕೊಂಡು ಬಂದರು. ದೀರ್ಘಕಾಲದ ಶಾಂತಿಯು ಕ್ರೈಸ್ತರನ್ನು ಸಡಿಲಗೊಳಿಸಿತ್ತು, ಆಸ್ತಿಪಾಸ್ತಿಯ ಮೋಹವು ಅವರ ಕಾಲಿಗೆ ಸರಪಳಿಯಾಗಿತ್ತು, ಆದುದರಿಂದ ಪ್ರಭು ತನ್ನ ಕುಟುಂಬವನ್ನು ಪರೀಕ್ಷೆಗೆ ಒಡ್ಡಿದರು ಎಂಬುದು ಸಿಪ್ರಿಯಾನರ ಅಭಿಪ್ರಾಯ.

ಬಿದ್ದವರಲ್ಲಿ ಬಗೆಬಗೆ

ಬಿದ್ದವರೆಲ್ಲರೂ ಒಂದೇ ರೀತಿಯಲ್ಲಿ ಬಿದ್ದಿರಲಿಲ್ಲ. ಕೆಲವರು ಪಶುಬಲಿಯನ್ನು ಅರ್ಪಿಸಿದ್ದರು. ಕೆಲವರು ಒಂದು ಚಿಟಿಕೆ ಧೂಪವನ್ನು ಮಾತ್ರ ಹಾಕಿದ್ದರು. ಇನ್ನು ಕೆಲವರು ಬಲಿಯನ್ನೇ ಅರ್ಪಿಸದೆ, ಲಂಚ ಕೊಟ್ಟು ಸುಳ್ಳು ಪ್ರಮಾಣಪತ್ರವನ್ನು ಕೊಂಡಿದ್ದರು. ಕೆಲವರು ಮೊದಲನೆಯ ವಿಚಾರಣೆಯಲ್ಲಿ ಹಿಂಸೆಯನ್ನು ಗೆದ್ದು, ಪ್ರಾಂತಾಧಿಪತಿಯ ಘೋರ ಚಿತ್ರಹಿಂಸೆಗೆ ಕೊನೆಗೂ ಸೋತಿದ್ದರು. ಬೋನಾ ಎಂಬ ಸ್ತ್ರೀಯ ಪ್ರಸಂಗವು ಸಿಪ್ರಿಯಾನರ ಪತ್ರವ್ಯವಹಾರದಲ್ಲಿ ಉಳಿದಿದೆ. ಆಕೆಯ ಗಂಡನೇ ಆಕೆಯನ್ನು ಬಲಿಪೀಠಕ್ಕೆ ಎಳೆದು ತಂದನು. ಇತರರು ಆಕೆಯ ಕೈಗಳನ್ನು ಹಿಡಿದು ಬಲಾತ್ಕಾರವಾಗಿ ಬಲಿ ಮಾಡಿಸಿದರು. ಈ ಕೃತ್ಯ ನಿಮ್ಮದು, ನನ್ನದಲ್ಲ ಎಂದು ಆಕೆ ಕೂಗಿ ಹೇಳಿದಳು, ಅದಕ್ಕಾಗಿ ಗಡೀಪಾರಾದಳು. ಹೊರಗಿನಿಂದ ನೋಡಿದವರಿಗೆ ಬೋನಾಳ ಕೈ ಬಲಿಯರ್ಪಿಸಿದ ಕೈ. ಹೃದಯವನ್ನು ನೋಡುವ ದೇವರಿಗೆ ಅದು ವಿಶ್ವಾಸಸಾಕ್ಷಿಯ ಕೈ.

೨೫೧ರಲ್ಲಿ ಡೀಸಿಯಸನು ಗಾಥರೊಡನೆ ಯುದ್ಧ ಮಾಡುತ್ತಾ ಮಡಿದನು. ಅಷ್ಟರಲ್ಲಿ ಹಿಂಸೆಯ ಬಿಸಿ ಆರಿತ್ತು. ಬಿದ್ದವರು ದೇವಾಲಯದ ಬಾಗಿಲಿಗೆ ಮರಳಿ ಬಂದು ಅಳುತ್ತಾ ನಿಂತರು. ಇವರನ್ನು ಏನು ಮಾಡಬೇಕು?

ಎರಡು ಅತಿರೇಕಗಳು, ಒಂದು ಮಾರ್ಗ

ಕಾರ್ಥೇಜಿನಲ್ಲಿ ಕೆಲವು ಗುರುಗಳು ಯಾವ ಪ್ರಾಯಶ್ಚಿತ್ತವೂ ಇಲ್ಲದೆ ಇವರಿಗೆ ಪರಮಪ್ರಸಾದವನ್ನು ಕೊಡತೊಡಗಿದರು. ಸೆರೆಮನೆಯಲ್ಲಿದ್ದ ವಿಶ್ವಾಸಸಾಕ್ಷಿಗಳಿಂದ ಶಿಫಾರಸು ಪತ್ರವನ್ನು ತಂದವರಿಗೆ ಕ್ಷಮೆಯು ಹಕ್ಕಿನಂತೆ ಸಿಗಬೇಕೆಂಬ ವಾದವೂ ಹುಟ್ಟಿತು. ಗಾಯವನ್ನು ತೊಳೆಯದೆ ಮೇಲೆ ಬಟ್ಟೆ ಸುತ್ತಿದರೆ ಅದು ಒಳಗೇ ಕೊಳೆಯುತ್ತದೆಂದು ಸಿಪ್ರಿಯಾನರು ಇದನ್ನು ವಿರೋಧಿಸಿದರು.

ರೋಮಿನಲ್ಲಿ ಇದಕ್ಕೆ ತದ್ವಿರುದ್ಧವಾದ ಅತಿರೇಕವು ತಲೆದೋರಿತು. ನೊವಾತಿಯಾನ್ ಎಂಬ ಗುರುವು ಮಹಾಪಂಡಿತನು. ತ್ರಿತ್ವದ ವಿಷಯವಾಗಿ ಗ್ರಂಥ ಬರೆದವನು. ೨೫೧ರಲ್ಲಿ ಸಂತ ಕೊರ್ನೇಲಿಯುಸರು ಪೋಪರಾಗಿ ಆಯ್ಕೆಯಾದಾಗ ಅವನು ಅವರಿಗೆ ಎದುರಾಗಿ ತಾನೇ ಧರ್ಮಾಧ್ಯಕ್ಷನಾಗಿ ಅಭಿಷೇಕ ಮಾಡಿಸಿಕೊಂಡನು. ವಿಗ್ರಹಗಳಿಗೆ ಬಲಿಯರ್ಪಿಸಿದವರನ್ನು ಕ್ಷಮಿಸುವ ಅಧಿಕಾರವು ಧರ್ಮಸಭೆಗಿಲ್ಲ, ಅವರು ಸಾಯುವ ತನಕ ಅತ್ತರೂ ಬಾಗಿಲ ಹೊರಗೇ ಇರಬೇಕು ಎಂಬುದು ಅವನ ಪಕ್ಷದ ಬೋಧನೆ. ಅವನ ಹಿಂಬಾಲಕರು ತಮ್ಮನ್ನು ಪರಿಶುದ್ಧರೆಂದು ಕರೆದುಕೊಂಡರು.

೨೫೧ರ ವಸಂತದಲ್ಲಿ ಆಫ್ರಿಕದ ಧರ್ಮಾಧ್ಯಕ್ಷರು ಕಾರ್ಥೇಜಿನಲ್ಲಿ ಸಮ್ಮೇಳನ ಸೇರಿದರು. ಪವಿತ್ರ ಗ್ರಂಥದ ವಚನಗಳನ್ನು ಎರಡೂ ಕಡೆಗೆ ತೂಗಿ ನೋಡಿ, ಮಧ್ಯಮ ಮಾರ್ಗವನ್ನು ನಿರ್ಧರಿಸಿದರು. ಯಾರಿಗೂ ನಿರೀಕ್ಷೆಯನ್ನು ಕಡಿದುಹಾಕಬಾರದು. ಆದರೆ ಪ್ರಾಯಶ್ಚಿತ್ತವಿಲ್ಲದೆ ಯಾರನ್ನೂ ಸೇರಿಸಬಾರದು. ಒಬ್ಬೊಬ್ಬರ ಸಂದರ್ಭವನ್ನೂ ಪ್ರತ್ಯೇಕವಾಗಿ ವಿಚಾರಿಸಬೇಕು. ಸುಳ್ಳು ಪತ್ರ ಕೊಂಡವರನ್ನು ಬೇಗನೆ ಸೇರಿಸಿಕೊಳ್ಳಬಹುದು. ಬಲಿಯರ್ಪಿಸಿದವರು ದೀರ್ಘ ಪ್ರಾಯಶ್ಚಿತ್ತದಲ್ಲಿರಬೇಕು, ಮರಣಾವಸ್ಥೆಯಲ್ಲಿ ಅವರಿಗೆ ಸಮಾಧಾನವನ್ನು ನೀಡಬೇಕು. ರೋಮಿನಲ್ಲಿಯೂ ಅರವತ್ತು ಮಂದಿ ಧರ್ಮಾಧ್ಯಕ್ಷರು ಕೂಡಿ ಇದೇ ಮಾರ್ಗವನ್ನು ಎತ್ತಿಹಿಡಿದು ನೊವಾತಿಯಾನನನ್ನು ಬಹಿಷ್ಕರಿಸಿದರು. ಆಗ ರೋಮಿನ ಧರ್ಮಸಭೆಯಲ್ಲಿ ೪೬ ಗುರುಗಳಿದ್ದು, ೧,೫೦೦ಕ್ಕೂ ಹೆಚ್ಚು ವಿಧವೆಯರನ್ನೂ ದರಿದ್ರರನ್ನೂ ಪೋಷಿಸಲಾಗುತ್ತಿತ್ತೆಂದು ಕೊರ್ನೇಲಿಯುಸರ ಪತ್ರವೊಂದರಿಂದ ತಿಳಿದುಬರುತ್ತದೆ.

ಅಂತೋನಿಯಾನ್ ಎಂಬ ಧರ್ಮಾಧ್ಯಕ್ಷರಿಗೆ ಬರೆದ ಪತ್ರದಲ್ಲಿ ಸಿಪ್ರಿಯಾನರು ಈ ನಿರ್ಧಾರದ ಆಧಾರವನ್ನು ವಿವರಿಸಿದ್ದಾರೆ. ತಾನಾಗಿಯೇ ಓಡಿಹೋಗಿ ಬಲಿಯರ್ಪಿಸಿದವನನ್ನೂ, ಬಹಳ ಹೊತ್ತು ಹೋರಾಡಿ ಸೋತವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮನೆಮಂದಿಯನ್ನೆಲ್ಲ ಅಪಾಯಕ್ಕೆ ತಳ್ಳಿದವನೂ, ಮನೆಮಂದಿಯನ್ನು ಉಳಿಸಲು ತಾನೊಬ್ಬನೇ ಹೋದವನೂ ಸಮಾನರಲ್ಲ. ಪರಿತಾಪವು ಕಪಟವಾಗಿದ್ದರೆ ಅದನ್ನು ಕಂಡುಹಿಡಿಯುವವರು ದೇವರು. ಧರ್ಮಸಭೆಯು ತನಗೆ ಕಾಣುವಷ್ಟನ್ನು ಆಧರಿಸಿ ನಡೆಯುತ್ತದೆ, ಅವರ ತೀರ್ಪಿಗೆ ಮುಂಚಿತವಾಗಿ ಕಡೆಯ ತೀರ್ಪನ್ನು ಹೇಳುವುದಿಲ್ಲ. ಗೋದಿಯಿಂದ ಕಳೆಯನ್ನು ಬೇರ್ಪಡಿಸುವ ಕೆಲಸವು ಸುಗ್ಗಿಯ ಒಡೆಯನದು. ನೊವಾತಿಯಾನನ ತಪ್ಪಿನ ಮೂಲವನ್ನು ಅವರು ಇಲ್ಲಿಯೇ ಕಂಡರು. ಪಾಪವನ್ನು ಘೋರವೆಂದದ್ದು ಅವನ ತಪ್ಪಲ್ಲ. ಸುಗ್ಗಿಗೆ ಮೊದಲೇ ಮೊರವನ್ನು ತನ್ನ ಕೈಗೆ ತೆಗೆದುಕೊಂಡದ್ದು ತಪ್ಪು.

ಮುಂದೆ ಗಾಲ್ಲುಸ್ ಚಕ್ರವರ್ತಿಯ ಕಾಲದಲ್ಲಿ ಹೊಸ ಹಿಂಸೆಯ ಸೂಚನೆಗಳು ತೋರಿದಾಗ ಸಿಪ್ರಿಯಾನರೂ ಇತರ ೪೧ ಧರ್ಮಾಧ್ಯಕ್ಷರೂ ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ಪ್ರಾಯಶ್ಚಿತ್ತದಲ್ಲಿ ನಿರತರಾದ ಎಲ್ಲರಿಗೂ ತಕ್ಷಣ ಪರಮಪ್ರಸಾದವನ್ನು ಕೊಡಬೇಕೆಂದು ನಿರ್ಣಯಿಸಿದರು. ಕ್ರಿಸ್ತರಿಗಾಗಿ ರಕ್ತ ಸುರಿಸಿರೆಂದು ಜನರನ್ನು ಕೇಳುವಾಗ ಕ್ರಿಸ್ತರ ರಕ್ತವನ್ನು ಅವರಿಗೆ ನಿರಾಕರಿಸುವುದು ನ್ಯಾಯವೇ ಎಂಬುದು ಅವರ ವಾದವಾಗಿತ್ತು. ಒಮ್ಮೆ ಸೋತವನು ಮುಂದಿನ ಪರೀಕ್ಷೆಯಲ್ಲಿ ಗೆಲ್ಲಬಹುದೆಂಬ ಭರವಸೆಯೇ ಈ ನಿರ್ಣಯದ ಜೀವಾಳ.

ವೃದ್ಧ ಸೆರಾಪಿಯೋನ್

ಇದೇ ಕಾಲದಲ್ಲಿ ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ಸಂತ ದಿಯೊನಿಸಿಯುಸರು ಒಂದು ಘಟನೆಯನ್ನು ಪತ್ರದಲ್ಲಿ ಬರೆದು ಅಂತಿಯೋಕ್ಯದ ಧರ್ಮಾಧ್ಯಕ್ಷರಿಗೆ ಕಳುಹಿಸಿದರು. ಇತಿಹಾಸಕಾರ ಯೂಸೇಬಿಯುಸನು ಅದನ್ನು ತನ್ನ ಧರ್ಮಸಭೆಯ ಚರಿತ್ರೆಯಲ್ಲಿ ಸೇರಿಸಿದ್ದರಿಂದ ಅದು ನಮಗೆ ಲಭ್ಯವಾಗಿದೆ. ಸೆರಾಪಿಯೋನ್ ಎಂಬ ವೃದ್ಧನು ಬಹುಕಾಲ ನಿಷ್ಕಳಂಕನಾಗಿ ಬಾಳಿ, ಹಿಂಸೆಯ ಕಾಲದಲ್ಲಿ ಬಲಿಯರ್ಪಿಸಿ ಬಿದ್ದನು. ಅನಂತರ ಕ್ಷಮೆಗಾಗಿ ಎಷ್ಟು ಬೇಡಿದರೂ ಯಾರೂ ಅವನತ್ತ ಗಮನ ಕೊಡಲಿಲ್ಲ. ಕಾಯಿಲೆ ಬಿದ್ದು ಮೂರು ದಿನ ಮಾತಿಲ್ಲದೆ, ಪ್ರಜ್ಞೆಯಿಲ್ಲದೆ ಮಲಗಿದ್ದನು. ನಾಲ್ಕನೆಯ ದಿನ ತುಸು ಚೇತರಿಸಿಕೊಂಡು ಮಗಳ ಮಗನನ್ನು ಕರೆದು, ಬೇಗನೆ ಹೋಗಿ ಗುರುಗಳೊಬ್ಬರನ್ನು ಕರೆತರುವಂತೆ ಹೇಳಿ ಮತ್ತೆ ಮೌನವಾದನು.

ಹುಡುಗನು ಓಡಿದನು. ಅದು ರಾತ್ರಿಯ ಸಮಯ, ಗುರುಗಳೂ ಅಸ್ವಸ್ಥರಾಗಿದ್ದರು. ಆದರೆ ಸಾಯುವವರು ಬೇಡಿಕೊಂಡರೆ, ಅದರಲ್ಲೂ ಮೊದಲೇ ಬೇಡಿಕೊಂಡಿದ್ದರೆ, ಅವರನ್ನು ಕ್ಷಮಿಸಿ ನಿರೀಕ್ಷೆಯಿಂದ ಕಳುಹಿಸಿಕೊಡಬೇಕೆಂದು ದಿಯೊನಿಸಿಯುಸರು ಮೊದಲೇ ಆಜ್ಞಾಪಿಸಿದ್ದರು. ಆದುದರಿಂದ ಗುರುಗಳು ಪರಮಪ್ರಸಾದದ ಒಂದು ಚಿಕ್ಕ ಭಾಗವನ್ನು ಹುಡುಗನ ಕೈಗಿತ್ತು, ಅದನ್ನು ನೆನೆಸಿ ವೃದ್ಧನ ಬಾಯಲ್ಲಿ ಹಾಕಬೇಕೆಂದು ತಿಳಿಸಿದರು. ಹುಡುಗನು ಹಾಗೆಯೇ ಮಾಡಿದನು. ವೃದ್ಧನು ಅದನ್ನು ನುಂಗಿ ಕೂಡಲೇ ಪ್ರಾಣ ಬಿಟ್ಟನು. ಆ ಸಮಾಧಾನಕ್ಕಾಗಿಯೇ ದೇವರು ಅವನ ಜೀವವನ್ನು ಹಿಡಿದಿಟ್ಟಿದ್ದರೆಂಬುದು ದಿಯೊನಿಸಿಯುಸರ ನಂಬಿಕೆ. ನೊವಾತಿಯಾನನ ಪಕ್ಷದ ಕಡೆಗೆ ವಾಲುತ್ತಿದ್ದ ಅಂತಿಯೋಕ್ಯದ ಧರ್ಮಾಧ್ಯಕ್ಷರಿಗೆ ಅವರು ಈ ಘಟನೆಯನ್ನೇ ಉತ್ತರವಾಗಿ ಕಳುಹಿಸಿದರು.

ಕಾಲವು ಕೊಟ್ಟ ಸಾಕ್ಷ್ಯ

ಬಿದ್ದವರಿಗೆ ಕರುಣೆ ತೋರಿದವರು ತಾವೇ ದುರ್ಬಲರಾಗಿದ್ದುದರಿಂದ ಹಾಗೆ ಮಾಡಿದರೆಂದು ನೊವಾತಿಯಾನನ ಪಕ್ಷದವರು ಹಳಿಯುತ್ತಿದ್ದರು. ಇತಿಹಾಸವು ಬೇರೆಯೇ ಉತ್ತರ ಕೊಟ್ಟಿತು. ಪೋಪ್ ಕೊರ್ನೇಲಿಯುಸರು ೨೫೩ರಲ್ಲಿ ದೇಶಭ್ರಷ್ಟರಾಗಿಯೇ ಮರಣ ಹೊಂದಿದರು. ೨೫೦ರ ಹಿಂಸೆಯಲ್ಲಿ ಅಡಗಿಕೊಂಡು, ಅದಕ್ಕಾಗಿ ಟೀಕೆಗೊಳಗಾಗಿದ್ದ ಸಿಪ್ರಿಯಾನರು ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ ಅಡಗಲಿಲ್ಲ. ೨೫೮ರ ಸೆಪ್ಟೆಂಬರ್ ೧೪ರಂದು, ತಮ್ಮ ತಲೆ ಕಡಿಯಲಿದ್ದವನಿಗೆ ೨೫ ಚಿನ್ನದ ನಾಣ್ಯಗಳನ್ನು ಕೊಡಿಸಿ, ಕತ್ತಿಗೆ ಕೊರಳೊಡ್ಡಿದರು. ಇವರಿಬ್ಬರ ಹಬ್ಬವನ್ನು ಧರ್ಮಸಭೆಯು ಸೆಪ್ಟೆಂಬರ್ ೧೬ರಂದು ಒಟ್ಟಿಗೆ ಆಚರಿಸುತ್ತದೆ. ಬಲಿಪೂಜೆಯ ಮೊದಲನೆಯ ಪರಮಪ್ರಸಾದ ಪ್ರಾರ್ಥನೆಯಲ್ಲಿ ಇವರ ಹೆಸರುಗಳು ಜೊತೆಜೊತೆಯಾಗಿಯೇ ಬರುತ್ತವೆ.

೩೨೫ರ ನೈಸಿಯ ಮಹಾಸಭೆಯು ಸಾಯುವವರಿಗೆ ಪರಮಪ್ರಸಾದವನ್ನು ನಿರಾಕರಿಸಬಾರದೆಂಬ ಪುರಾತನ ನಿಯಮವನ್ನು ದೃಢಪಡಿಸಿತು. ಮರಳಿ ಬರುವ ನೊವಾತಿಯಾನ್ ಪಕ್ಷದವರು, ಬಿದ್ದೆದ್ದವರೊಡನೆ ಒಂದೇ ಪೀಠದಿಂದ ಪ್ರಸಾದ ಸ್ವೀಕರಿಸಲು ಒಪ್ಪಬೇಕೆಂದು ವಿಧಿಸಿತು.

ನಮ್ಮ ಸೀಮೆಯೂ ಇಂತಹ ಕಾಲವನ್ನು ಕಂಡಿದೆ. ೧೭೮೪ರಲ್ಲಿ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಮಡಿದರು. ಅನೇಕರು ಬಲವಂತದಿಂದ ಮತ ಬದಲಿಸಬೇಕಾಯಿತು. ೧೭೯೯ರ ಬಳಿಕ ಪ್ಯಾರಿಸಿನ ವಿದೇಶ ಮಿಷನ್ ಸಂಸ್ಥೆಯ ಅಬ್ಬೆ ದ್ಯುಬುವಾ ಅವರು ಮೈಸೂರು ಸೀಮೆಗೆ ಬಂದು, ಚದುರಿದ ಜನರನ್ನು ಒಗ್ಗೂಡಿಸಿ, ಹಾಗೆ ಬಿದ್ದವರನ್ನು ಮರಳಿ ಸಮಾಧಾನಕ್ಕೆ ಸೇರಿಸಿಕೊಂಡರು. ಒಂದೂವರೆ ಸಾವಿರ ವರ್ಷಗಳ ಹಿಂದೆ ಕಾರ್ಥೇಜಿನಲ್ಲಿ ತೆರೆದ ಬಾಗಿಲು ನಮ್ಮ ನಾಡಿನಲ್ಲಿಯೂ ತೆರೆದೇ ಇತ್ತು.

ಉಪಸಂಹಾರ

ಈ ಇತಿಹಾಸದಿಂದ ಹೊರಡುವ ಪಾಠವು ಎರಡು ಮುಖಗಳುಳ್ಳದ್ದು. ಒಂದು, ಪರೀಕ್ಷೆಯು ಆಟವಲ್ಲ. ಅದು ನಮ್ಮೊಳಗಿನದನ್ನು ಹೊರಗೆ ತರುತ್ತದೆ. ಬಿದ್ದದ್ದನ್ನು ಬಿದ್ದದ್ದೆಂದು ಕರೆಯಲು ಸಿಪ್ರಿಯಾನರು ಎಂದೂ ಹಿಂಜರಿಯಲಿಲ್ಲ. ಎರಡು, ಉಸಿರು ಇರುವ ತನಕ ಪರೀಕ್ಷೆ ಮುಗಿದಿಲ್ಲ. ಆದುದರಿಂದ ಕಡೆಯ ತೀರ್ಪನ್ನು ಹೇಳುವ ಹಕ್ಕು ನಮಗಿಲ್ಲ. ೨೫೦ರಲ್ಲಿ ಬಿದ್ದವರು ಚಕ್ರವರ್ತಿಯ ಬಲಿಪೀಠದ ಮುಂದೆ ಪರೀಕ್ಷೆಗೊಳಗಾದರು. ೨೫೧ರಲ್ಲಿ ನಿಂತವರು, ಬಿದ್ದವರ ಕಣ್ಣೀರಿನ ಮುಂದೆ ಪರೀಕ್ಷೆಗೊಳಗಾದರು. ಎರಡನೆಯ ಪರೀಕ್ಷೆಯು ಮೊದಲನೆಯದಕ್ಕಿಂತ ಸುಲಭವಾಗಿರಲಿಲ್ಲ.

ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ, ನೂರು ವರ್ಷಗಳಿಂದ ನಿಂತವರನ್ನು ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಅದು ಯೋಗ್ಯವೇ. ಆದರೆ ಯಾವುದೋ ಕಾರಣದಿಂದ ಬಿದ್ದು, ನಾಚಿಕೆಯಿಂದಲೋ ನಮ್ಮ ಮಾತಿನ ಕಹಿಯಿಂದಲೋ ಇತ್ತ ಹೆಜ್ಜೆಯಿಡದೆ ಉಳಿದವರೂ ಪ್ರತಿಯೊಂದು ಧರ್ಮಕೇಂದ್ರದಲ್ಲಿ ಇದ್ದೇ ಇರುತ್ತಾರೆ. ಅವರಲ್ಲಿ ಒಬ್ಬರಾದರೂ ಈ ವರ್ಷ ಮರಳಿ ಬಂದರೆ, ಪಕ್ಕದಲ್ಲಿ ಮಂಡಿಯೂರಲು ನಾವು ಸರಿದು ಜಾಗ ಮಾಡಿಕೊಡೋಣ. ತಕ್ಕಡಿಯು ಅದನ್ನು ಹಿಡಿಯಬಲ್ಲವರ ಕೈಯಲ್ಲಿಯೇ ಇರಲಿ.